ಬ್ಯಾಡಗಿ ಇಡು

ತಪ್ಪು ಬೆರಳಿನದೋ, ಪೆಟ್ಟಿಗೆಯದೋ? ಬೆರಳಿನದಾಗಿದ್ದರೆ ಇಷ್ಟು ವರ್ಷದಲ್ಲಿ ಯಾರಾದರೊಬ್ಬರು ಮುಖದ ಮೇಲೆ ಹೇಳುತ್ತಿದ್ದರು. ಪೆಟ್ಟಿಗೆಯದಾಗಿದ್ದರೆ ಈಗ, ಈ ಕೋಣೆಯಲ್ಲಿ, ಹೆಡ್‌ಫೋನಿನೊಳಗೆ ಇಷ್ಟು ಚೆಂದ ಯಾಕೆ ಕೇಳಬೇಕು? ಜಾಕೀರ್ ಗಿಟಾರಿನಲ್ಲಿ ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದ. ಒಂದೊಂದು ಸ್ವರವೂ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಮಿಂಚುತ್ತ, ಹಿಂದೆ ದೊಡ್ಡದೊಂದು ಸಭಾಂಗಣದ ಗುಂಗನ್ನು ಎಳೆದುಕೊಂಡು ಬಂತು. ಹಾಗಿದ್ದರೆ ಹೋದ ವಾರ ಬ್ಯಾಡಗಿಯ ಮದುವೆಯಲ್ಲಿ ಇದೇ ಸಾಲು ಎಲ್ಲಿ ಹೋಗಿತ್ತು?

ಅವನು ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡ. ಸಭಾಂಗಣ ಮಾಯವಾಗಿ ರಾಣೆಬೆನ್ನೂರಿನ ಹಳೇ ಓಣಿಯ ಸಣ್ಣ ಕೋಣೆಯೊಂದೇ ಉಳಿಯಿತು. ತಂತಿ ಮೀಟಿದರೆ ಈಗ ತಗಡಿನ ಮೇಲೆ ಹನಿ ಬಿದ್ದಷ್ಟೇ ಸದ್ದು. ಕಾಲಬುಡದಲ್ಲಿದ್ದ ಪೆಟ್ಟಿಗೆಗೆ ಸ್ವಂತ ದನಿಯಿರಲಿಲ್ಲ. ದೇಶವಿದೇಶದ ಹೆಸರುವಾಸಿ ಆಂಪ್ಲಿಫೈಯರುಗಳ ದನಿಗಳನ್ನೆಲ್ಲ ನಕಲು ಮಾಡಿ ಅದು ಒಳಗಿಟ್ಟುಕೊಂಡಿತ್ತು. ಗಿಟಾರಿನವರು ಅದನ್ನು ಪ್ರೊಸೆಸರ್ ಎನ್ನುತ್ತಿದ್ದರು. ಅದರೊಳಗಿನ ಒಂದು ದನಿಯನ್ನು ಆರಿಸಿ, ತಿದ್ದಿ, ಹೆಸರಿಟ್ಟು ಉಳಿಸಿಕೊಂಡರೆ ಅದು ಒಂದು ಪ್ಯಾಚ್. ಜಾಕೀರ್ ಊರಿಗೊಂದು ಪ್ಯಾಚ್ ಮಾಡಿದ್ದ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ಊರ ಹೆಸರುಗಳನ್ನೇ ಕೊಟ್ಟಿದ್ದ. ಬೀಜದ ಕಂಪನಿಯ ಗೋದಾಮಿನಲ್ಲಿ ದಿನವಿಡೀ ಚೀಲಗಳಿಗೆ ಚೀಟಿ ಅಂಟಿಸುವವನಿಗೆ ಹೆಸರಿಲ್ಲದ ವಸ್ತು ಕಂಡರೆ ಸಮಾಧಾನವಿರಲಿಲ್ಲ.

ಬ್ಯಾಡಗಿಯ ಪ್ಯಾಚಿಗೆ ಅವನು ಎಷ್ಟು ಸಂಜೆಗಳನ್ನು ಸುರಿದಿದ್ದನೋ. ಗೇನ್ ಎಂಬ ತಿರುಪನ್ನು ಏರಿಸಿದಷ್ಟೂ ಸ್ವರ ಉದ್ದವಾಗಿ ನಿಲ್ಲುತ್ತಿತ್ತು, ಒರಟಾಗಿ ಗುಡುಗುತ್ತಿತ್ತು. ಅದರ ಮೇಲೆ ಎಕೋ, ಎಕೋದ ಮೇಲೆ ಇನ್ನೇನೋ. ಮದುವೆ ಮಂಟಪದಲ್ಲಿ ಡ್ರಮ್ಮು, ಬಾಸು, ಕೀಬೋರ್ಡು ಒಟ್ಟಿಗೆ ಎದ್ದ ಕೂಡಲೇ ಆ ಶ್ರೀಮಂತಿಕೆಯೆಲ್ಲ ಜೇನುಹುಳದ ಗುಂಯ್‌ಗುಡುವಿಕೆಯಾಗಿ, ಅದೂ ಅಡಗಿ, ಕೊನೆಗೆ ಅವನು ಮೂಕನಂತೆ ತಂತಿಗಳ ಮೇಲೆ ಕೈಯಾಡಿಸುತ್ತ ನಿಂತಿದ್ದ. ಗಿಟಾರಿನ ಸಾಲು ಬಂದಾಗ ಕಲ್ಲೇಶ ತನ್ನ ಕೀಬೋರ್ಡಿನಲ್ಲೊಂದು ಗುಂಡಿ ಒತ್ತಿ, ಗಿಟಾರಿನ ದನಿಯಲ್ಲಿ ಅದನ್ನು ತಾನೇ ನುಡಿಸಿ ಮುಗಿಸಿದ. ಕೇಳಿದವರಿಗೆ ವ್ಯತ್ಯಾಸ ತಿಳಿದ ಹಾಗೆ ಕಾಣಲಿಲ್ಲ.

ಕಲ್ಲೇಶ ಕೆಟ್ಟವನಲ್ಲ. ಹೊಂಬೆಳಕು ಮೆಲೋಡೀಸ್ ಎಂಬ ಆ ತಂಡವನ್ನು ಕಟ್ಟಿದ್ದು ಅವನಪ್ಪ. ಅದನ್ನು ಉಳಿಸಿಕೊಂಡು ಬಂದವನು ಅವನು. ಊಟದ ಮನೆಯಲ್ಲಿ ಪಕ್ಕದಲ್ಲೇ ಕೂತು, ಎಲೆಯ ಮೇಲಿನ ಚಿರೋಟಿ ಮುರಿಯುತ್ತ ಮೆಲ್ಲಗೆ ಹೇಳಿದ್ದ: "ಜಾಕೀರ್, ಸಿಟ್ಟಾಗಬ್ಯಾಡ. ಇವತ್ತ ಜನಾ ಗಿಟಾರ್ ನೋಡಿದ್ರು, ಕೇಳಲಿಲ್ಲ. ಬಾರಿಸಿದಾಂವ ನಾ. ಹಾವೇರಿ ರಾಜ್ಯೋತ್ಸವ ಒಂದ್ ಆಗ್ಲಿ. ಅಲ್ಲೂ ಹಿಂಗಾದ್ರ ಮುಂದ ಗಿಟಾರಿನ ಜಾಗಾ ತಗದು ಕೀಬೋರ್ಡಿನಾಗ ತಗೊಂಡಬಿಡತೇನಿ. ಮದಲ ಹೇಳಿದ್ರ ಛಲೋ ಅಂತ ಹೇಳಾಕತ್ತೇನಿ."

ಗಿಟಾರಿನ ಜಾಗ ಎಂದರೆ ವೇದಿಕೆಯ ಎಡಕ್ಕೆ, ಡ್ರಮ್ಮಿನ ಪಕ್ಕ, ಒಬ್ಬ ಮನುಷ್ಯ ನಿಲ್ಲುವಷ್ಟು ಅಗಲ. ಜಾಕೀರ್‌ಗಿಂತ ಮುಂಚೆ ಅಲ್ಲಿ ನಿಲ್ಲುತ್ತಿದ್ದವನು ಅವನಪ್ಪ ಫಕ್ಕೀರಸಾಬ. ತಂಡ ಶುರುವಾದಂದಿನಿಂದ ಆ ಜಾಗದಲ್ಲಿ ಬೇರೆ ಯಾರೂ ನಿಂತಿರಲಿಲ್ಲ.

ತಲೆಯೆತ್ತಿದರೆ ಫಕ್ಕೀರಸಾಬ ಬಾಗಿಲಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಏನೋ, ಹೆಡ್‌ಫೋನ್ ಹಾಕಿಕೊಂಡವನಿಗೆ ಗೊತ್ತಾಗುವಂತಿರಲಿಲ್ಲ. ಡ್ರಮ್ಮಿನ ಕಡೆಗಿರುತ್ತಿದ್ದ ಅವನ ಬಲಗಿವಿ ಕೆಲವು ವರ್ಷಗಳ ಹಿಂದೆಯೇ ಪೂರ್ತಿ ಮುಚ್ಚಿಹೋಗಿತ್ತು. ಅಂದಿನಿಂದ ಯಾರು ಮಾತಾಡಿದರೂ ಎಡಗೆನ್ನೆಯನ್ನು ಮುಂದೆ ಮಾಡಿ ಕೇಳುವುದು ರೂಢಿಯಾಗಿತ್ತು. ಈಗಲೂ ಹಾಗೇ ನಿಂತು, ಸದ್ದಿಲ್ಲದ ಪೆಟ್ಟಿಗೆಯನ್ನು ಕೇಳಿಸಿಕೊಳ್ಳುವವನಂತೆ ನೋಡುತ್ತಿದ್ದ.

ಮನೆಯಲ್ಲಿ ಅವರು ಆಡುವುದು ಉರ್ದು. ಆದರೆ ಗಿಟಾರಿನ ಮಾತು ಬಂದರೆ ಅಪ್ಪ ಮಗ ಇಬ್ಬರೂ ತಮಗರಿವಿಲ್ಲದೆ ಕನ್ನಡಕ್ಕೆ ಹೊರಳುತ್ತಿದ್ದರು. ಫಕ್ಕೀರಸಾಬ ಗಿಟಾರು ಕಲಿತದ್ದು ತಂಡದಲ್ಲಿ, ತಂಡದ ಭಾಷೆಯಲ್ಲಿ. ಮಗನಿಗೂ ಅದರಲ್ಲೇ ಕಲಿಸಿದ್ದ.

"ಹಾವೇರಿ ಯಾವಾಗ ಐತಿ?"

"ರಾಜ್ಯೋತ್ಸವದ ಸಂಜಿಗೆ, ಅಬ್ಬಾ."

"ಹಂಗಾರ ಹಾವೇರ್ಯಾಗ ಬ್ಯಾಡಗಿ ಇಡು" ಎಂದವನೇ ಫಕ್ಕೀರಸಾಬ ಟವೆಲು ಹೆಗಲಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದ.

ಜಾಕೀರ್‌ನ ಕಣ್ಣು ಪೆಟ್ಟಿಗೆಯ ಸಣ್ಣ ಪರದೆಯ ಮೇಲೆ ನಿಂತಿತು. ಬ್ಯಾಡಗಿ. ಆ ಹೆಸರಿನ ಪ್ಯಾಚೇ ಅಲ್ಲಿ ಬೆಳಗುತ್ತಿತ್ತು. ಬ್ಯಾಡಗಿಯಲ್ಲಿ ಏನಾಯಿತೆಂದು ಬಂದ ರಾತ್ರಿಯೇ ಅಮ್ಮಿಯ ಮುಂದೆ ಹೇಳಿಕೊಂಡಿದ್ದ; ಅಬ್ಬಾನ ಕಿವಿಗೂ ಅದು ಬಿದ್ದಿರಲೇಬೇಕು. ಊರಿಗೊಂದು ಪ್ಯಾಚ್ ಮಾಡಿದ್ದನ್ನು ಹಿಂದೊಮ್ಮೆ ಹೆಮ್ಮೆಯಿಂದ ತೋರಿಸಿಯೂ ಇದ್ದ. ಹಾಗಾದರೆ ಇದರ ಅರ್ಥ ಇಷ್ಟೇ: ಬ್ಯಾಡಗಿಯಲ್ಲಿ ಮಾನ ಕಳೆದದ್ದು ಸಾಲದು, ಹಾವೇರಿಯಲ್ಲೂ ಅದನ್ನೇ ಇಟ್ಟು ಕಳೆ. ಅಪ್ಪ ಚುಚ್ಚುಮಾತಿನವನಲ್ಲ. ಅದಕ್ಕೇ ಆ ಒಂದು ಮಾತು ಆಳಕ್ಕೆ ಹೋಯಿತು.

ಮುಂದಿನ ದಿನಗಳಲ್ಲಿ ಅವನು ಅಪ್ಪನೊಡನೆ ಬೇಕಾದಷ್ಟೇ ಮಾತಾಡಿದ. ನೀರು ಬಂತು, ಕರೆಂಟು ಹೋಯಿತು, ಊಟ ಆಯಿತು. ಫಕ್ಕೀರಸಾಬನಿಗೆ ಅದು ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದನೋ. ಅರ್ಧ ಕಿವುಡು ಬಂದ ಮೇಲೆ ಅವನ ಸುತ್ತ ಹೇಗೂ ಮಾತು ಕಡಿಮೆಯಾಗಿತ್ತು. ಮಗನ ಮೌನ ಅದರಲ್ಲಿ ಕೂಡಿಕೊಂಡಿತು.

ಭಾನುವಾರ ಬೆಳಿಗ್ಗೆ ಎದ್ದಾಗ ಜಾಕೀರ್‌ನ ಸಿಟ್ಟು ಹಟವಾಗಿ ಗಟ್ಟಿಗೊಂಡಿತ್ತು. ಪ್ರೊಸೆಸರಿನಲ್ಲಿ ಅವನು ಇನ್ನೂ ಮುಟ್ಟದ ಒಂದು ಸೌಲಭ್ಯವಿತ್ತು. ಬೇರೊಂದು ಆಂಪ್ಲಿಫೈಯರನ್ನು ಅದಕ್ಕೆ ಜೋಡಿಸಿ ಮುಂದೆ ಮೈಕ್ ಇಟ್ಟರೆ, ಪೆಟ್ಟಿಗೆ ತಾನೇ ಅದರೊಳಕ್ಕೆ ನಾನಾ ಸದ್ದು ಕಳಿಸಿ, ಅದು ಹೇಗೆ ನುಡಿಯುತ್ತದೆಂದು ಮೈಕಿನಿಂದ ಕೇಳಿ, ಆ ದನಿಯನ್ನು ನಕಲಿಳಿಸಿಕೊಳ್ಳುತ್ತಿತ್ತು. ಅವನು ಅಡುಗೆಮನೆಯ ಮೂಲೆಗೆ ಹೋಗಿ, ಅಮ್ಮಿ ಮೆಹಬೂಬಿಯ ಉಪ್ಪಿನಕಾಯಿ ಭರಣಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ. ಭರಣಿಗಳ ಅಡಿಯಲ್ಲಿದ್ದದ್ದು ಫಕ್ಕೀರಸಾಬನ ಡಬ್ಬಿ.

ಡಬ್ಬಿ ಎಂದು ಅದಕ್ಕೆ ಹೆಸರಿಟ್ಟವನು ಅವನೇ. ಅದು ಮೊದಲು ಮೈಕ್‌ಸೆಟ್ಟಿನ ವಾಲ್ವ್ ಆಂಪ್ಲಿಫೈಯರ್ ಆಗಿತ್ತು. ಹಾವೇರಿಯ ರೇಡಿಯೋ ಮೆಕ್ಯಾನಿಕ್ ಒಬ್ಬ ಅದನ್ನು ಗಿಟಾರಿಗೆ ಹೊಂದುವಂತೆ ತಿದ್ದಿ, ಹುಣಸೆಮರದ ಹಲಗೆಯ ಪೆಟ್ಟಿಗೆಯಲ್ಲಿ ಸ್ಪೀಕರಿನೊಂದಿಗೆ ಕೂರಿಸಿಕೊಟ್ಟಿದ್ದ. ಆಗ ಫಕ್ಕೀರಸಾಬ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ಆರಿಸುವ ಕೆಲಸಕ್ಕಿದ್ದ. ಕೆಲಸ ಮುಗಿಸಿ ನೇರ ಕಾರ್ಯಕ್ರಮಕ್ಕೆ ಹೋಗಬೇಕಾದ ದಿನ ಡಬ್ಬಿಯೂ ಕಾಯಿಯ ಚೀಲಗಳ ನಡುವೆಯೇ ಕೂತಿರುತ್ತಿತ್ತು.

"ಅದನ್ಯಾಕ ತಗೀತಿ?" ಫಕ್ಕೀರಸಾಬ ಕೇಳಿದ.

"ಇದರ ದನಿ ತುಂಬ್ಕೋಬೇಕು. ಹಾವೇರ್ಯಾಗ ಇದನ್ನ ಬಾರಸ್ತೇನಿ."

ಜಾಕೀರ್ ಅದನ್ನು ಸವಾಲಿನಂತೆ ಹೇಳಿದ್ದ. ಆದರೆ ಅಪ್ಪನ ಮುಖ ಅರಳಿತು. ಅವನು ಬಂದು ಡಬ್ಬಿಯ ಇನ್ನೊಂದು ಬದಿ ಹಿಡಿದ. ಇಬ್ಬರೂ ಸೇರಿ ಅದನ್ನು ಪಡಸಾಲೆಗೆ ತಂದರು. ಫಕ್ಕೀರಸಾಬ ಹಿಂಬದಿಯ ಹಲಗೆ ಬಿಚ್ಚಿ, ಹಳೇ ಬನಿಯನ್ನಿನ ತುಂಡಿನಿಂದ ವಾಲ್ವುಗಳನ್ನು ಕೂಸಿನ ಕಿವಿ ಒರೆಸಿದ ಹಾಗೆ ಒರೆಸಿದ. ಸ್ವಿಚ್ ಹಾಕಿದಾಗ ಏನೂ ಆಗಲಿಲ್ಲ. ಆಮೇಲೆ ನಿಧಾನಕ್ಕೆ ಗಾಜಿನೊಳಗೆ ಕೆಂಪು ಮೂಡಿತು, ಡಬ್ಬಿ ಗುಂಯ್ ಎಂದು ಉಸಿರೆಳೆದುಕೊಂಡಿತು.

ಪ್ರೊಸೆಸರ್ ಡಬ್ಬಿಯೊಳಕ್ಕೆ ಸದ್ದು ಕಳಿಸತೊಡಗಿದ್ದೇ ಮನೆಯೆಲ್ಲ ವಿಚಿತ್ರವಾಯಿತು. ಒಮ್ಮೆ ಕೀಚು, ಒಮ್ಮೆ ಹಾವು ಬುಸುಗುಟ್ಟಿದಂತೆ, ಒಮ್ಮೆ ಹೊಟ್ಟೆಯೊಳಗಿನಿಂದ ಬಂದ ಗುಡುಗು. ಅಡುಗೆಮನೆಯಿಂದ ಇಣುಕಿದ ಮೆಹಬೂಬಿ, ಒಳಗೆ ಇಲಿ ಸಿಕ್ಕಿದೆಯೋ ಏನು ನೋಡಿ ಎಂದಳು. ಪಕ್ಕದ ಮನೆಯ ಚಮನಬಿ ಗೋಡೆಯಾಚೆಯಿಂದಲೇ, "ಯಾರದರ ಮೋಟರ್ ಸುಡಾಕತ್ತೈತಿ ನೋಡ್ರವಾ" ಎಂದು ಕೂಗಿದಳು. ಅಷ್ಟರಲ್ಲಿ ದಪ್ಪನೆಯ ಸದ್ದೊಂದಕ್ಕೆ ಸ್ಪೀಕರಿನ ಬಟ್ಟೆ ಅದುರಿ, ಎಷ್ಟೋ ವರ್ಷಗಳಿಂದ ಅದರಲ್ಲಿ ಕೂತಿದ್ದ ಮೆಣಸಿನಕಾಯಿಯ ಪುಡಿ ಮೇಲೆದ್ದಿತು. ಮೊದಲು ಸೀನಿದವನು ಫಕ್ಕೀರಸಾಬ. ಹಿಂದೆಯೇ ಜಾಕೀರ್. ಆಮೇಲೆ ಮೆಹಬೂಬಿ ಸೆರಗು ಮೂಗಿಗೊತ್ತಿಕೊಂಡು ಹಿತ್ತಿಲಿಗೆ ಓಡಿದಳು. ಮೈಕು ಎಲ್ಲವನ್ನೂ ಕೇಳಿಸಿಕೊಂಡಿತ್ತು. ನಕಲು ಮುಗಿದ ಮೇಲೆ ಜಾಕೀರ್ ಮೀಟಿ ನೋಡಿದರೆ ದನಿ ಒಡೆದ ಮಡಕೆಯಂತಿತ್ತು.

"ಪೆಟಿಗಿಗೂ ನೆಗಡಿ ಆತು" ಎಂದ ಫಕ್ಕೀರಸಾಬ, ಕಣ್ಣೀರು ಒರೆಸಿಕೊಳ್ಳುತ್ತ. ಆ ವಾರದಲ್ಲಿ ಮೊದಲ ಬಾರಿಗೆ ಅಪ್ಪ ಮಗ ಒಟ್ಟಿಗೆ ನಕ್ಕರು. ಜಾಕೀರ್‌ಗೆ ತನ್ನ ಸಿಟ್ಟು ನೆನಪಾಗಿ, ನಗುವಿನ ನಡುವೆ ಮುಖ ತಿರುಗಿಸಿಕೊಂಡ.

ಅಂಗಳಕ್ಕೆ ಒಯ್ದು ಕೊಡವಿ, ಒರೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ನಕಲಿಳಿಸಿದರು. ಈ ಸಲ ಸರಿಹೋಯಿತು. ಜಾಕೀರ್ ಹೆಡ್‌ಫೋನನ್ನು ಅಪ್ಪನಿಗೆ ಕೊಟ್ಟ. ಫಕ್ಕೀರಸಾಬ ಅದನ್ನು ಎಡಗಿವಿಗೊಂದೇ ಒತ್ತಿ ಹಿಡಿದುಕೊಂಡ. ಮಗ ತಂತಿಗಳನ್ನು ಒಟ್ಟಿಗೆ ಒಮ್ಮೆ ಎಳೆದ. ಅಪ್ಪ ಕದಲಲಿಲ್ಲ. ಮತ್ತೊಮ್ಮೆ ಎಳೆ ಎಂದು ಬೆರಳಾಡಿಸಿದ. ಆಮೇಲೆ ತಾನೇ ಗಿಟಾರು ತೊಡೆಗೆ ತೆಗೆದುಕೊಂಡ. ಬೆರಳು ಪೆಡಸಾಗಿದ್ದವು, ಎರಡು ತಂತಿ ತಪ್ಪಿ ಮುಟ್ಟಿದ. ಆದರೂ ನುಡಿಸಿದ.

"ಹೌದ್ ನೋಡು" ಎಂದ. "ನನ್ನ ಡಬ್ಬಿ." ಗಿಟಾರು ಮಗನ ಕೈಗಿಡುತ್ತ, "ಬೆನ್ನಿಗೆ ಬಡಿಯೂದಿಲ್ಲ, ಅಷ್ಟ. ಡಬ್ಬಿ ಹಿಂದ ಇಟ್ಕೊಂಡು ನಿಂತ್ರ ಗಾಳಿ ಬೆನ್ನಿಗೆ ಬಡೀತಿತ್ತು. ಬಾರಸಾಕತ್ತೇನಿ ಅಂತ ಮೈಗೆ ಗೊತ್ತಾಗತಿತ್ತು."

ಅಂದಿನಿಂದ ಅವನು ಬೇರೆ ಮನುಷ್ಯನಾದ. ಚಹಾದಂಗಡಿಯಲ್ಲಿ, ಮಸೀದಿಯ ಕಟ್ಟೆಯಲ್ಲಿ, ಕೇಳಿದವರಿಗೂ ಕೇಳದವರಿಗೂ, ತನ್ನ ಡಬ್ಬಿಯನ್ನು ಮಗ ಅಂಗೈಯಷ್ಟು ಪೆಟ್ಟಿಗೆಯಲ್ಲಿ ತುಂಬಿಕೊಂಡಿದ್ದಾನೆ, ರಾಜ್ಯೋತ್ಸವಕ್ಕೆ ಹಾವೇರಿಯಲ್ಲಿ ಕೇಳಲಿದೆ ಎಂದು ಹೇಳಿಕೊಂಡು ಬಂದ. ಕಿವಿ ಹೋದಂದಿನಿಂದ ಒಂದು ಕಾರ್ಯಕ್ರಮಕ್ಕೂ ಹೋಗದಿದ್ದವನು ತಾನೂ ಬರುವೆನೆಂದ. ಜಾಕೀರ್ ಬೇಡ ಎನ್ನಲಿಲ್ಲ. ಸಿಟ್ಟು ಇನ್ನೂ ಒಂದು ಮೂಲೆಯಲ್ಲಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಭಾರ ಬಂದು ಕೂತಿತು.

ರಾಜ್ಯೋತ್ಸವದ ದಿನ ಮಧ್ಯಾಹ್ನವೇ ಜಾಕೀರ್ ಹಾವೇರಿಯ ಮೈದಾನ ಮುಟ್ಟಿದ. ಅಪ್ಪ ಸಂಜೆಯ ಬಸ್ಸಿಗೆ ಬರುವವನಿದ್ದ. ಬಿಸಿಲಲ್ಲಿ ಕೆಂಪು ಹಳದಿ ಕಾಗದದ ಪರಪರಿ ತೋರಣ ಕಟ್ಟುತ್ತಿದ್ದರು. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳು. ಎದುರಿಗೆ, ಕುರ್ಚಿಗಳ ಸಾಲಿನ ನಡುವೆ, ಶಾಮಿಯಾನಾದ ತುಂಡಿನ ಕೆಳಗೆ ಅಬ್ದುಲರಜಾಕ ತನ್ನ ಮಿಕ್ಸರ್ ಹರಡಿಕೊಂಡು ಕೂತಿದ್ದ. ಅಗಡಿ ಊರಿನವನು, ಫಕ್ಕೀರಸಾಬನ ಕಾಲದಿಂದ ತಂಡದ ಸೌಂಡು ನೋಡುತ್ತಿದ್ದವನು.

ಪ್ರೊಸೆಸರಿನ ವೈರು ನೇರ ಮಿಕ್ಸರಿಗೆ ಹೋಯಿತು. ಜಾಕೀರ್ ಡಬ್ಬಿಯ ನಕಲನ್ನು ಆರಿಸಿ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ತಂತಿ ಮುಟ್ಟುವ ಮೊದಲೇ ಗುಂಯ್ ಎಂಬ ಸದ್ದು ಮೈದಾನ ತುಂಬಿತು. ಪಡಸಾಲೆಯಲ್ಲಿ ಉಸಿರಿನಂತೆ ಕೇಳಿದ್ದ ಆ ಗುಂಗು ಇಲ್ಲಿ ಹೆದ್ದಾರಿಯ ಲಾರಿಯಷ್ಟಾಗಿತ್ತು. ಮೀಟಿದರೆ ಸ್ವರಕ್ಕೆ ಅಂಚೇ ಇರಲಿಲ್ಲ. ಬಾಸಿನ ಸ್ವರ ಯಾವುದು, ಗಿಟಾರಿನದು ಯಾವುದು ಎಂದು ತಿಳಿಯದ ಹಾಗೆ ಹದಗೆಟ್ಟ ಮುದ್ದೆ.

ಕಲ್ಲೇಶ ಕೀಬೋರ್ಡಿನ ಹಿಂದಿನಿಂದ ಕತ್ತು ಹೊರಳಿಸಿ ನೋಡಿದ. "ಹಿಂದ ಯಾರರ ಬಸ್ ನಿಲ್ಲಿಸ್ಯಾರೇನು?"

ತಂಡ ನಕ್ಕಿತು. ಹಾಡುವ ದೀಪಿಕಾ ನಗಲಿಲ್ಲ. ಹತ್ತಿರ ಬಂದು, ಹಾಡಿನ ಮುಂಚಿನ ಗಿಟಾರು ಸಾಲು ಕೇಳದಿದ್ದರೆ ತನಗೆ ಶ್ರುತಿ ಸಿಗುವುದಿಲ್ಲ, ನೋಡಿಕೋ ಅಣ್ಣಾ ಎಂದಷ್ಟೇ ಹೇಳಿ ಹೋದಳು. ಜಾಕೀರ್ ಕೂತು ತಿದ್ದಿದ. ಗುಂಗನ್ನು ಕತ್ತರಿಸುವ ಉಪಾಯವೊಂದಿತ್ತು. ಅದನ್ನು ಹಾಕಿದರೆ ಸ್ವರದ ಬಾಲವೂ ಕತ್ತರಿಸಿ ಹೋಯಿತು. ಬಾಲ ಉಳಿಯಲೆಂದು ಗೇನ್ ಏರಿಸಿದ. ಮತ್ತೆ ಜೇನುಹುಳ. ಮನೆಯಲ್ಲಿ ಮೆಲ್ಲಗೆ ಇಟ್ಟು ಕೇಳಿದಾಗ ತುಂಬು ಎನಿಸಿದ್ದೆಲ್ಲ ಇಲ್ಲಿ ಜೋರಾದ ಕೂಡಲೇ ಊದಿಕೊಳ್ಳುತ್ತಿತ್ತು.

ಅಬ್ದುಲರಜಾಕ ಮಿಕ್ಸರ್ ಬಿಟ್ಟೆದ್ದು ವೇದಿಕೆಯ ಬುಡಕ್ಕೆ ಬಂದ.

"ಏನೋ, ಬರೇ ಗುಂಟೂರ ಆಗೈತಲ್ಲೋ ಇದು. ನಿಮ್ಮಪ್ಪ ಏನೂ ಹೇಳಿ ಕಳಿಸಿಲ್ಲೇನು?"

"ಹೇಳ್ಯಾನ ಕಾಕಾ" ಎಂದ ಜಾಕೀರ್. ಇಷ್ಟು ದಿನ ಒಳಗಿದ್ದದ್ದು ತಾನಾಗಿ ಹೊರಬಂತು. "ಹಾವೇರ್ಯಾಗ ಬ್ಯಾಡಗಿ ಇಡು ಅಂತ ಚ್ಯಾಷ್ಟಿ ಮಾಡ್ಯಾನ. ಬ್ಯಾಡಗ್ಯಾಗ ನನ್ನ ಮಾನಾ ಹೋತಲ್ಲ, ಅದಕ್ಕ."

ಅಬ್ದುಲರಜಾಕ ಅವನ ಮುಖವನ್ನೇ ನೋಡಿದ. "ಮಳ್ಳ ಅದೀಯೇನು? ಬ್ಯಾಡಗಿ ಅಂದ್ರ ಊರಲ್ಲೋ, ಮೆಣಸಿನಕಾಯಿ. ಗುಂಟೂರ ಕಾಯಿ ಬರೇ ಖಾರ, ಬ್ಯಾಡಗಿ ಬಣ್ಣ. ನಿಮ್ಮಪ್ಪ ಡಬ್ಬಿ ಖಾರ ಏರಿಸಿದಾಗ ನಾ ಇಲ್ಲಿಂದ ಒದರತಿದ್ದೆ, ಗುಂಟೂರ ಆತು, ಬ್ಯಾಡಗಿ ಇಡು ಅಂತ. ಬಣ್ಣ ಇರಲಿ, ಖಾರ ಇಳಸು. ಅಷ್ಟ ನಮ್ಮ ಮಾತು. ಅಂವಗ ಬ್ಯಾರೆ ಹೆಂಗ ಹೇಳಾಕ ಬರತೈತಿ?"

ಅವನು ತಿರುಗಿ ಮಿಕ್ಸರಿನ ಕಡೆ ಹೋದ. ಜಾಕೀರ್ ಗಿಟಾರು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಅಂಚಿನಲ್ಲಿ ಕೂತೇ ಇದ್ದ. ಬ್ಯಾಡಗಿ ಕಾಯಿಯ ಪುಡಿ ಹಾಕಿದ ಸಾರಿನ ಕಡುಗೆಂಪು ಬಣ್ಣ, ಆದರೆ ನಾಲಿಗೆ ಸುಡದ ಅದರ ಖಾರ, ಹುಟ್ಟಿದಾಗಿನಿಂದ ಉಂಡದ್ದು. ಆ ಕಾಯಿಗಳ ನಡುವೆ ಬದುಕಿದವನ ಬಾಯಲ್ಲಿ ಆ ಹೆಸರು ಬಂದಾಗ ಕಾಯಿ ನೆನಪಾಗದೆ ತನ್ನ ಪರದೆಯ ಮೇಲಿನ ಚೀಟಿ ನೆನಪಾಗಿತ್ತು. ಅಷ್ಟು ದಿನ ಅಪ್ಪನ ಎದುರಿಗೆ ಕೂತು ಉಂಡು, ಕೇಳದೆ, ಮಾತಾಡದೆ ಕಳೆದಿದ್ದ.

ಆಗ ಅವನಿಗೆ ಇನ್ನೊಂದು ವಿಷಯವೂ ತಿಳಿಯಿತು. ಡಬ್ಬಿಯ ನಕಲಿನ ಖಾರ ಇಳಿಸಲು ಬರುವಂತಿರಲಿಲ್ಲ. ಅಂದು ಪಡಸಾಲೆಯಲ್ಲಿ ಡಬ್ಬಿ ಹೇಗಿತ್ತೋ, ಅದರ ಮುಪ್ಪು, ಅದರ ಗುಂಗು, ಎಲ್ಲ ಸೇರಿಯೇ ಅದು ಅಚ್ಚಾಗಿತ್ತು. ಅದನ್ನು ಉಳಿಸಿಕೊಂಡರೆ ಈ ಮೈದಾನದಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಬಿಟ್ಟರೆ, ಅದಕ್ಕಾಗಿಯೇ ಬಸ್ಸು ಹತ್ತಿ ಬರುತ್ತಿರುವವನಿಗೆ ಏನು ಹೇಳುವುದು?

ಹೆಚ್ಚು ಹೊತ್ತು ಇರಲಿಲ್ಲ. ಅವನು ಪೆಟ್ಟಿಗೆಯ ಮೇಲೆ ಬಗ್ಗಿದ. ಕೊಂಡ ದಿನ ಮೊದಲು ಕೇಳಿ, ಇದೇನು ಸಪ್ಪೆ ಎಂದು ಬಿಟ್ಟಿದ್ದ ಸಾದಾ ಆಂಪೊಂದು ಪಟ್ಟಿಯ ತುದಿಯಲ್ಲೇ ಇತ್ತು. ಅದನ್ನು ತೆಗೆದುಕೊಂಡ. ಎಕೋ ತೆಗೆದ. ಎಕೋದ ಮೇಲಿನದನ್ನು ತೆಗೆದ. ಬಾಸ್ ಇಳಿಸಿ, ಕೀಬೋರ್ಡಿಗೂ ಬಾಸಿಗೂ ನಡುವೆ ಖಾಲಿಯಿದ್ದ ಮಧ್ಯದ ಸ್ವರಗಳನ್ನು ಏರಿಸಿದ. ಗೇನನ್ನು ಇಳಿಸುತ್ತ ಇಳಿಸುತ್ತ, ಮೆಲ್ಲಗೆ ಮೀಟಿದರೆ ತಿಳಿಯಾಗಿ, ಬಲವಾಗಿ ಮೀಟಿದರೆ ಮಾತ್ರ ಅಂಚು ಕೆಂಪಗಾಗುವಲ್ಲಿ ನಿಲ್ಲಿಸಿದ. ದನಿ ಬಟ್ಟೆ ಕಳಚಿ ನಿಂತಂತಾಯಿತು. ಇಷ್ಟು ದಿನ ಗೇನ್ ಮುಚ್ಚಿಟ್ಟಿದ್ದ ಬೆರಳಿನ ಅವಸರವೆಲ್ಲ ಹೊರಗೆ ಬಂತು. ಉದ್ದ ಸ್ವರ ಇನ್ನು ತಾನಾಗಿ ನಿಲ್ಲುವುದಿಲ್ಲ. ಬೆರಳೇ ಅದನ್ನು ಹಿಡಿದು ಅಲುಗಿಸುತ್ತಿರಬೇಕು. ಕೆಲಸ ಇಲ್ಲಿತ್ತು. ಬೆರಳಿನದೋ ಪೆಟ್ಟಿಗೆಯದೋ ಎಂದು ಅಷ್ಟು ದಿನ ಕೇಳಿಕೊಂಡದ್ದಕ್ಕೆ, ಎರಡೂ ಎಂಬುದಷ್ಟೇ ಉತ್ತರವಾಗಿತ್ತು. ಅವನು ಆ ಸಾಲನ್ನು ನಿಧಾನಗೊಳಿಸಿ, ಅರ್ಧ ಸ್ವರಗಳನ್ನು ಬಿಟ್ಟು, ಉಳಿದವನ್ನು ಒತ್ತಿ ನುಡಿಸಿದ. ಸರಿಹೋಗಲಿಲ್ಲ. ಮತ್ತೆ ನುಡಿಸಿದ. ಬೆರಳ ತುದಿ ಉರಿಯತೊಡಗಿದ ಮೇಲೆ ತಂಡ ಪೂರ್ತಿ ನುಡಿಯುತ್ತಿರುವಾಗಲೇ ಅದು ದೂರದ ಸ್ಪೀಕರಿನಿಂದ ತಿರುಗಿ ಅವನಿಗೆ ಕೇಳಿಸಿತು.

ಶಾಮಿಯಾನಾದ ಕೆಳಗಿನಿಂದ ಅಬ್ದುಲರಜಾಕ ಮೈಕಿನಲ್ಲಿ, "ಹಾಂ, ಈಗ ಬಂದಿ ನೋಡು" ಎಂದ. ಯಾವ ಪ್ಯಾಚ್ ಎಂದು ಅವನು ಕೇಳಲಿಲ್ಲ. ಜಾಕೀರ್ ಹೇಳಲೂ ಇಲ್ಲ. ಡಬ್ಬಿಯ ನಕಲನ್ನು ಮಾತ್ರ ಅಳಿಸದೆ, ಪಕ್ಕದ ಸ್ವಿಚ್ಚಿಗೆ ಹಾಕಿಟ್ಟ. ಒಂದು ಹಾಡಿಗಾದರೂ ಅಪ್ಪನಿಗಾಗಿ ಅದನ್ನು ಒತ್ತಬೇಕು ಎಂದುಕೊಂಡ.

ಬಿಸಿಲು ಇಳಿಯುತ್ತಿದ್ದ ಹಾಗೆ ಮೈದಾನ ತುಂಬಿತು. ಮೂರನೆಯ ಹಾಡಿನ ಹೊತ್ತಿಗೆ ಜಾಕೀರ್ ಅಪ್ಪನನ್ನು ಕಂಡ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಅಬ್ದುಲರಜಾಕನ ಪಕ್ಕ ನಿಂತಿದ್ದ. ಎಡಗೆನ್ನೆ ವೇದಿಕೆಯ ಕಡೆ, ಕಣ್ಣು ಎಲ್ಲೋ. ಕಿವಿಯೊಂದನ್ನೇ ಅತ್ತ ಚಾಚಿ ನಿಂತವನಂತಿದ್ದ. ಒಮ್ಮೆ ತಿರುಗಿ ಮಗನನ್ನು ನೋಡಿ, ಕೇಳುತ್ತಿದೆ ಎನ್ನುವಂತೆ ತನ್ನ ಕಿವಿ ಮುಟ್ಟಿ ತೋರಿಸಿದ.

ಮುಂದಿನದು ಗಿಟಾರಿನಿಂದಲೇ ಶುರುವಾಗುವ ಯುಗಳಗೀತೆ. ಜಾಕೀರ್‌ನ ಕಾಲು ಪಕ್ಕದ ಸ್ವಿಚ್ಚಿನ ಮೇಲೆ ಹೋಯಿತು. ಒತ್ತಿದರೆ ಡಬ್ಬಿ. ಕೀಬೋರ್ಡಿನ ಹಿಂದೆ ಕಲ್ಲೇಶ, ಬ್ಯಾಡಗಿಯಲ್ಲಿ ಮಾಡಿದ ಹಾಗೆ, ಗಿಟಾರಿನ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ದೀಪಿಕಾ ಮೈಕ್ ಹಿಡಿದು ಇವನತ್ತ ನೋಡುತ್ತಿದ್ದಳು. ಜಾಕೀರ್ ಕಾಲನ್ನು ಹಿಂದೆಗೆದು ಹಲಗೆಯ ಮೇಲೆ ಊರಿದ. ಸಾದಾ ದನಿಯಲ್ಲೇ ಮೊದಲ ಸ್ವರ ಮೀಟಿದ. ಅದು ಸಾಯುವ ಮೊದಲು ಬೆರಳಿನಿಂದ ಅಲುಗಿಸಿ ಹಿಡಿದ, ಎರಡನೆಯದಕ್ಕೆ ದಾಟಿಸಿದ. ಡ್ರಮ್ಮು ಎದ್ದಿತು. ಬಾಸು ಎದ್ದಿತು. ಸಾಲು ಅವುಗಳ ನಡುವಿನಿಂದ ಹಾದು ಕುರ್ಚಿಗಳ ಮೇಲಿನಿಂದ ಮೈದಾನದ ಆ ತುದಿಗೆ ಹೋಯಿತು. ಎಲ್ಲೋ ಹಿಂದೆ ಯಾರೋ ಸಿಳ್ಳೆ ಹಾಕಿದರು. ಕಲ್ಲೇಶ ಗುಂಡಿಯ ಮೇಲಿನ ಬೆರಳೆತ್ತಿ, ಎರಡೂ ಕೈ ಕೀಬೋರ್ಡಿನಿಂದ ತೆಗೆದು, ಸೊಂಟದ ಮೇಲಿಟ್ಟುಕೊಂಡು ನಿಂತ. ಸಾಲು ಮುಗಿಯುವವರೆಗೂ ಹಾಗೇ ನಿಂತಿದ್ದ.

ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಕಲ್ಲೇಶ ಆಡಿದ್ದು ಇಷ್ಟು: "ಬರೋ ರವಿವಾರ ಐರಣ್ಯಾಗ ಒಂದ ಮದುವಿ ಐತಿ. ಲಗೂ ಬಾ. ನಿಂದು ನಿನಗ ಕೇಳೂ ಹಂಗ, ನಿನ್ನ ಜಾಗಾಕ್ಕ ಮಾನಿಟರ್ ಸ್ಪೀಕರ್ ಒಂದ ಬ್ಯಾರೆ ಇಡಸ್ತೇನಿ."

ಬಸ್‌ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರಿನ ಬಸ್ಸಿಗೆ ಕಾಯುತ್ತ ಅಪ್ಪ ಮಗ ಗಿರ್ಮಿಟ್ಟು ಕೊಂಡು ಬೆಂಚಿನ ಮೇಲೆ ಕೂತರು. ಫಕ್ಕೀರಸಾಬ ಪ್ರೊಸೆಸರಿನ ಚೀಲವನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ. ಜಾಕೀರ್ ಅವನ ಎಡಕ್ಕೆ ಕೂತಿದ್ದ.

"ಕೇಳಿದ್ಯಾ?" ಫಕ್ಕೀರಸಾಬ ಅಂದ. "ನನ್ನ ಡಬ್ಬಿ. ರಜಾಕನಿಗೂ ಹೇಳಿದೆ, ನೋಡಪಾ, ಹಂಗ ಐತಿ ಅಂತ. ಇಷ್ಟ ವರ್ಷದ ಮ್ಯಾಲೂ ಹಂಗ ಐತಿ."

ಜಾಕೀರ್ ಕಾಗದದೊಳಗಿನ ಚುರುಮುರಿಯನ್ನು ಬೆರಳಿನಿಂದ ಕೆದಕುತ್ತಿದ್ದ. ಬೆರಳ ತುದಿಯ ಗೀರುಗಳಿಗೆ ಖಾರ ತಾಗಿ ಚುರುಗುಟ್ಟುತ್ತಿತ್ತು.

"ಬ್ಯಾಡಗಿ ಇಟ್ಟಿದ್ದೆ, ಅಬ್ಬಾ" ಎಂದ.

"ಗೊತ್ತಾತು." ಫಕ್ಕೀರಸಾಬ ಚೀಲವನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡ. "ಬೆನ್ನಿಗೆ ಬಡೀತೇನು?"

"ಬಡೀತು."

ಮನೆಗೆ ಬಂದ ಮೇಲೆ ಮೆಹಬೂಬಿ ಉಪ್ಪಿನಕಾಯಿ ಭರಣಿಗಳನ್ನು ಮತ್ತೆ ಡಬ್ಬಿಯ ಮೇಲೆ ಇಡಹೋದಾಗ ಫಕ್ಕೀರಸಾಬ ಬಿಡಲಿಲ್ಲ. ಭರಣಿಗಳು ಕಿಟಕಿಯ ಕಟ್ಟೆಗೆ ಹೋದವು. ಡಬ್ಬಿ ಪಡಸಾಲೆಯಲ್ಲಿ, ಅವಳು ಹೆಣೆದ ಹೂವಿನ ಹಾಸು ಹೊದ್ದುಕೊಂಡು ಕೂತಿತು. ಬಂದವರಿಗೆಲ್ಲ ಅವನು ಅದನ್ನು ತೋರಿಸಿ ಹಾವೇರಿಯ ಕತೆ ಹೇಳುತ್ತಿದ್ದ. ಜಾಕೀರ್ ಮನೆಯಲ್ಲಿದ್ದರೆ ಕೋಣೆಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಳ್ಳದೆ, ಆ ಕತೆಯನ್ನು ಕೊನೆಯವರೆಗೂ ಕೇಳುತ್ತಿದ್ದ.

ಆ ಸಂಜೆ ಹಾವೇರಿಯಲ್ಲಿ ನುಡಿದದ್ದು ಡಬ್ಬಿಯಲ್ಲ ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.